ಕೊಂದ ಪ್ರತಿಯೊಂದು ಕೆಂಪು ಜಿಂಕೆಯ ಲೆಕ್ಕ ಬೇಕು: ಸ್ಕಾಟ್ಲೆಂಡಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ನಮಸ್ಕಾರ.

ಈ ಪತ್ರ ಕೆಂಪು ಜಿಂಕೆಗಳ ಬಗ್ಗೆ. ಎ9 ರಸ್ತೆಯಲ್ಲಿ ಇನ್‌ವರ್ನೆಸ್ ಕಡೆಗೆ ಕಾರು ಓಡಿಸಿದವರು, ಗ್ಲೆಂಕೋ ನೋಡಲು ಹೋದವರು ಇವನ್ನು ನೋಡಿಯೇ ಇರುತ್ತೀರಿ. ನಮ್ಮ ಚುಕ್ಕೆ ಜಿಂಕೆಗಿಂತ ದೊಡ್ಡವು, ಕಡವೆಗಿಂತ ಚಿಕ್ಕವು. ಚಳಿಗಾಲದಲ್ಲಿ ಗುಡ್ಡದ ಮೇಲೆ ಮೇವು ಸಿಗದೆ ರಸ್ತೆ ಪಕ್ಕಕ್ಕೇ ಇಳಿದು ಬರುತ್ತವೆ. ಮಕ್ಕಳು ಕಾರು ನಿಲ್ಲಿಸಿ ಅಂತ ಹಟ ಮಾಡುತ್ತಾರೆ. ಫೋಟೊ ತೆಗೆದು ಊರಿನ ಗ್ರೂಪಿಗೆ ಕಳಿಸುತ್ತೇವೆ.

ಇದೇ ದೇಶದಲ್ಲಿ ಪ್ರತಿ ವರ್ಷ, ಎಲ್ಲ ಜಾತಿಯ ಜಿಂಕೆಗಳೂ ಸೇರಿ, ಒಂದು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಗುಂಡು ಹೊಡೆದು ಕೊಲ್ಲುತ್ತಾರೆ. ಕಾನೂನು ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಇಷ್ಟು ಸಾಲದು, ಮುಂದಿನ ಕೆಲವು ವರ್ಷ, ವರ್ಷಕ್ಕೆ ಇನ್ನೂ 50,000 ಜಾಸ್ತಿ ಹೊಡೆಯಬೇಕು ಅಂತ ಸರ್ಕಾರವೇ ಹೇಳುತ್ತಿದೆ. ಬೇಟೆ ಬೇಡ ಅಂತ ನಾನು ಬರೆಯುತ್ತಿಲ್ಲ. ನಾನು ಕೇಳುತ್ತಿರುವುದು ಒಂದೇ. ಕೊಂದ ಪ್ರತಿಯೊಂದು ಜಿಂಕೆಯ ಲೆಕ್ಕ ಸರಿಯಾಗಿ ಇರಬೇಕು. ಎಲ್ಲಿ ಕೊಂದರು, ಗಂಡೋ ಹೆಣ್ಣೋ, ವಯಸ್ಸೆಷ್ಟು ಅನ್ನುವುದು ದಾಖಲಾಗಬೇಕು. ಆ ಲೆಕ್ಕ ಪ್ರದೇಶವಾರು, ಬೇಗ, ಎಲ್ಲರಿಗೂ ಸಿಗಬೇಕು. ಇದನ್ನು ಕೇಳುವ ಹಕ್ಕು ನಿಮಗೂ ಇದೆ. ಅದಕ್ಕೇ ಈ ಪತ್ರ.

ನಮಗೇನು ಸಂಬಂಧ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಇಲ್ಲಿಗೆ ಕೆಲಸಕ್ಕೆ ಬಂದವರು, ಗುಡ್ಡಗಳೆಲ್ಲ ದೊಡ್ಡ ದೊಡ್ಡ ಎಸ್ಟೇಟಿನವರದ್ದು, ಅಲ್ವಾ? ಗುಡ್ಡ ಅವರದ್ದೇ ಇರಬಹುದು. ಆದರೆ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಕಾಡಿನ ಜಿಂಕೆ ಯಾರ ಆಸ್ತಿಯೂ ಅಲ್ಲ. ಬದುಕಿರುವಷ್ಟು ಕಾಲ ಅದಕ್ಕೆ ಒಡೆಯನಿಲ್ಲ. ನೆಲದ ಮಾಲೀಕರಿಗೆ ಇರುವುದು ತಮ್ಮ ನೆಲದಲ್ಲಿ ಬೇಟೆಯಾಡುವ ಹಕ್ಕು ಮಾತ್ರ. 2003ರ ಭೂ ಸುಧಾರಣಾ ಕಾನೂನು ಇಲ್ಲಿನ ಗುಡ್ಡಬೆಟ್ಟಗಳಲ್ಲಿ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 2020ರಿಂದ, ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ಯಾವ ದೇಶದವರೇ ಆದರೂ ಸ್ಕಾಟಿಷ್ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಾವಂತೂ ಅದಕ್ಕೂ ಮೊದಲಿನಿಂದಲೇ, ಕಾಮನ್‌ವೆಲ್ತ್ ದೇಶದವರಾಗಿ, ಮತದಾರರು. ಪ್ರತಿ ವರ್ಷ ಸಾವಿರಾರು ಜಿಂಕೆಗಳು ವಾಹನಗಳಿಗೆ ಅಡ್ಡ ಬರುತ್ತವೆ. ಆ ವಾಹನಗಳಲ್ಲಿ ನಮ್ಮವೂ ಇರುತ್ತವೆ. ಜಿಂಕೆ ಮೈಮೇಲಿನ ರಕ್ತ ಹೀರುವ ಉಣ್ಣಿಗಳು ಜಾಸ್ತಿಯಾದ ಕಡೆ ಹುಲ್ಲಿನಲ್ಲಿ ಆಡುವ ಮಕ್ಕಳಿಗೆ, ಅವು ಕಚ್ಚಿ ಬರುವ ಲೈಮ್ ಕಾಯಿಲೆಯ ಭಯವೂ ಜಾಸ್ತಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೇಟೆ ಅಂದ ಕೂಡಲೇ ನಮ್ಮಲ್ಲಿ ಹಲವರ ಮುಖ ಬಾಡುತ್ತದೆ. ಅದು ಸಹಜ. ನಾವು ಬಂದ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೆಂಪು ಜಿಂಕೆಯ ಹತ್ತಿರದ ನೆಂಟ ಹಂಗುಲ್ ಕಾಶ್ಮೀರದ ದಾಚಿಗಾಮ್ ಕಡೆ ಕೆಲವೇ ನೂರು ಉಳಿದಿದೆ. ಅಲ್ಲಿ ಒಂದೊಂದನ್ನೂ ಕಾಯುತ್ತಾರೆ. ನಮ್ಮ ಮನೆಯಲ್ಲೂ ಮಾಂಸ ತಿನ್ನುವುದಿಲ್ಲ. ಸತ್ತ ಜಿಂಕೆಯನ್ನು ಗುಡ್ಡದಿಂದ ಎಳೆದು ತರುವುದನ್ನು ನೋಡಿದರೆ ನನಗೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ಆದರೆ ನಾಗರಹೊಳೆಯ ಲೆಕ್ಕವನ್ನು ಇಲ್ಲಿಗೆ ತರಲು ಬರುವುದಿಲ್ಲ. ನಾಗರಹೊಳೆಯಲ್ಲಿ, ಬಂಡೀಪುರದಲ್ಲಿ ಹುಲಿ ಇದೆ, ಚಿರತೆ ಇದೆ, ಸೀಳುನಾಯಿಗಳ ಹಿಂಡು ಇದೆ. ಜಿಂಕೆ, ಕಡವೆಗಳು ಎಷ್ಟೇ ಮರಿ ಹಾಕಿದರೂ ಅವನ್ನು ತಿನ್ನುವವರು ಇದ್ದಾರೆ. ಸ್ಕಾಟ್ಲೆಂಡಿನಲ್ಲಿ ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕು ಕಾಣೆಯಾಗಿ ನೂರಾರು ವರ್ಷ ಆಯಿತು. ಕೊನೆಯ ತೋಳಗಳೂ 17-18ನೇ ಶತಮಾನದ ಹೊತ್ತಿಗೆ ಹೋದವು. ಈಗ ದೊಡ್ಡ ಕೆಂಪು ಜಿಂಕೆಯನ್ನು ಹಿಡಿಯುವ ಪ್ರಾಣಿ ಇಲ್ಲಿ ಒಂದೂ ಇಲ್ಲ. ಮನುಷ್ಯ ಹೊಡೆಯದಿದ್ದರೆ ಅವು ಸಾಯುವುದು ಮಾರ್ಚ್, ಏಪ್ರಿಲ್ ತಿಂಗಳ ಹಸಿವಿನಿಂದ. ಚಳಿಗಾಲವೆಲ್ಲ ಮೈಯಲ್ಲಿದ್ದ ಕೊಬ್ಬು ಕರಗಿ, ಹೊಸ ಹುಲ್ಲು ಬರುವ ಮುಂಚೆ, ಮಳೆಗೂ ಗಾಳಿಗೂ ಸಿಕ್ಕಿ ಕುಸಿದು ಬೀಳುತ್ತವೆ. ಮರಿಗಳೂ ಮುದಿ ಪ್ರಾಣಿಗಳೂ ಮೊದಲು ಸಾಯುತ್ತವೆ. ಅದು ನಿಧಾನದ ಸಾವು. ಬೇಟೆಯನ್ನು ಇಷ್ಟಪಡಿ ಅಂತ ನಿಮಗೆ ಹೇಳುವುದಿಲ್ಲ. ಈ ನೆಲದಲ್ಲಿ ಅದನ್ನು ಬಿಟ್ಟು ದಾರಿಯಿಲ್ಲ ಅನ್ನುವುದನ್ನು ಮಾತ್ರ ಒಪ್ಪಿಕೊಳ್ಳೋಣ. ಇಷ್ಟೊಂದು ಜೀವ ತೆಗೆಯುವುದೇ ಆದರೆ ಅದರ ಲೆಕ್ಕ ಇಡುವುದು ನಾವು ಆ ಪ್ರಾಣಿಗೆ ತೋರಿಸುವ ಕನಿಷ್ಠ ಗೌರವ.

1990ರಲ್ಲಿ ಸ್ಕಾಟ್ಲೆಂಡಿನಲ್ಲಿ ಸುಮಾರು 5 ಲಕ್ಷ ಜಿಂಕೆಗಳಿದ್ದವು ಅಂತ ಅಂದಾಜು. ಈಗ ಸುಮಾರು 10 ಲಕ್ಷ. ಇದರಲ್ಲಿ ನಾಲ್ಕು ಜಾತಿಗಳಿವೆ. ಕೆಂಪು ಜಿಂಕೆ ಮತ್ತು ರೋ ಇಲ್ಲಿಯವೇ. ಸಿಕಾ ಮತ್ತು ಫ್ಯಾಲೋ ಹೊರಗಿನಿಂದ ತಂದವು. ಹೈಲ್ಯಾಂಡಿನ, ಅಂದರೆ ಉತ್ತರದ ಬೆಟ್ಟನಾಡಿನ, ಬಯಲು ಗುಡ್ಡಗಳ ತುಂಬ ಇರುವುದು ಕೆಂಪು ಜಿಂಕೆ. ಆ ಗುಡ್ಡಗಳು ನೋಡಲು ಚಂದ, ಬೋಳು ಬೋಳಾಗಿ, ಹೆದರ್ ಹೂ ಬಿಟ್ಟಾಗ ನೇರಳೆ ಬಣ್ಣ. ಅವು ಮೊದಲಿನಿಂದ ಹಾಗೇ ಇದ್ದವು ಅಂದುಕೊಳ್ಳುತ್ತೇವೆ. ಅಲ್ಲಿ ಬಗ್ಗಿ ನೋಡಿ. ಹೆದರ್ ಪೊದೆಯ ನಡುವೆ ಬೆರಳುದ್ದದ ಪೈನ್, ಬರ್ಚ್, ರೋವನ್ ಸಸಿಗಳು ಇರುತ್ತವೆ. ತುದಿ ಕಚ್ಚಿಸಿಕೊಂಡು, ಮತ್ತೆ ಚಿಗುರಿ, ಮತ್ತೆ ಕಚ್ಚಿಸಿಕೊಂಡು, ಹತ್ತಾರು ವರ್ಷವಾದರೂ ಮೊಣಕಾಲೆತ್ತರಕ್ಕೆ ಬರದವು. ಹಳೆಯ ಕ್ಯಾಲಿಡೋನಿಯನ್ ಪೈನ್ ಕಾಡು ಈಗ 84 ತುಣುಕುಗಳಾಗಿ ಉಳಿದಿದೆ. ಅವುಗಳಲ್ಲಿ ಎಷ್ಟೋ ಕಡೆ ನಿಂತಿರುವುದೆಲ್ಲ ಮುದಿ ಮರಗಳೇ. ಅವುಗಳ ಜಾಗಕ್ಕೆ ಎಳೆಯ ಮರ ಬಂದಿಲ್ಲ.

ಬೇಲಿ ಹಾಕಿದರೆ ಆಗಲ್ವಾ? ಹಾಕುತ್ತಾರೆ. ಆದರೆ ಜಿಂಕೆ ಹಾರದಷ್ಟು ಎತ್ತರದ ಬೇಲಿಗೆ ದುಡ್ಡು ಜಾಸ್ತಿ. ಬೇಲಿ ಕಟ್ಟಿದಾಗ ಜಿಂಕೆಗಳು ಪಕ್ಕದ ಗುಡ್ಡಕ್ಕೆ ಹೋಗಿ ಅಲ್ಲಿ ಒತ್ತಡ ಹೆಚ್ಚುತ್ತದೆ. ಕ್ಯಾಪರ್‌ಕೇಲಿ ಅನ್ನುವ ದೊಡ್ಡ ಕಾಡುಕೋಳಿ ಬೇಲಿಗೆ ಬಡಿದು ಸಾಯುತ್ತದೆ. ಇಡೀ ಸ್ಕಾಟ್ಲೆಂಡಿನಲ್ಲಿ ಅವು 2021-22ರ ಗಣತಿಯಲ್ಲಿ ಐನೂರರ ಆಸುಪಾಸು ಮಾತ್ರ ಸಿಕ್ಕವು.

ಬೇಲಿಯಿಲ್ಲದೆ ಕಾಡು ಬರಬಹುದು ಅಂತ ತೋರಿಸಿದ ಜಾಗ ಕ್ರೇಗ್ ಮೆಗಿ. ಲಗ್ಗನ್ ಕೆರೆಯ ಮೇಲಿನ ಬೆಟ್ಟ. 1985ರಲ್ಲಿ ಅದು ಸರ್ಕಾರದ ನಿಸರ್ಗ ಸಂರಕ್ಷಣಾ ಸಂಸ್ಥೆಯ ಕೈಗೆ ಬಂತು. ಬೇಲಿ ಹಾಕಲಿಲ್ಲ, ಗಿಡ ನೆಡಲೂ ಹೊರಡಲಿಲ್ಲ. ಜಿಂಕೆಗಳ ಸಂಖ್ಯೆ ಇಳಿಸಿದರು, ಇಳಿಸಿದ್ದನ್ನು ಹಾಗೇ ಉಳಿಸಿಕೊಂಡರು. ಈಗ ಅಲ್ಲಿ ಹೋಗಿ ನೋಡಿ. ದಾರಿಯ ಎರಡೂ ಬದಿ ಬರ್ಚ್ ಕಾಡು. ಕೇರ್ನ್‌ಗಾರ್ಮ್ಸ್‌ನ ಗ್ಲೆನ್ ಫೆಶಿಯಲ್ಲೂ ಆಮೇಲೆ ಇದೇ ನಡೆಯಿತು. ಅಲ್ಲಿ 2004ರಲ್ಲಿ ಹೆಲಿಕಾಪ್ಟರ್ ಬಳಸಿ ಬೇಟೆ ಮಾಡಿದಾಗ ದೊಡ್ಡ ಗಲಾಟೆಯೇ ಆಗಿತ್ತು. ಈಗ ನದಿ ದಂಡೆಯುದ್ದಕ್ಕೂ ಎಳೆಯ ಪೈನ್ ಮರಗಳು. ಎರಡೂ ಕಡೆ ಕೆಲಸ ಫಲಿಸಲು ಲೆಕ್ಕವೂ ಒಂದು ಕಾರಣ ಅಂತ ನನ್ನ ನಂಬಿಕೆ. ಎಷ್ಟು ಹೊಡೆದೆವು, ಎಷ್ಟು ಉಳಿದವು, ಸಸಿ ಎಷ್ಟೆತ್ತರಕ್ಕೆ ಬಂದವು ಅನ್ನುವ ಮೂರನ್ನೂ ವರ್ಷವರ್ಷ ಒಟ್ಟಿಗೆ ಇಟ್ಟು ನೋಡಿದರು.

ಉಳಿದ ಕಡೆ ಹೀಗಿಲ್ಲ. 1996ರ ಜಿಂಕೆ ಕಾನೂನಿನ 40ನೇ ಸೆಕ್ಷನ್ ಪ್ರಕಾರ, ಸರ್ಕಾರದ ಈಗಿನ ನಿಸರ್ಗ ಸಂರಕ್ಷಣಾ ಸಂಸ್ಥೆ ನೇಚರ್‌ಸ್ಕಾಟ್ ನೋಟಿಸ್ ಕೊಟ್ಟರೆ ನೆಲದ ಮಾಲೀಕರು ತಾವು ಕೊಂದ ಜಿಂಕೆಗಳ ಸಂಖ್ಯೆ ಕೊಡಬೇಕು. ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಗಂಡು ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು ಅಂತ ಬರೆದು ಕಳಿಸುತ್ತಾರೆ. ಇಲ್ಲಿ ಗಮನಿಸಿ. ನೋಟಿಸ್ ಹೋದವರು ಮಾತ್ರ ಲೆಕ್ಕ ಕೊಡಬೇಕು. ಕೊಡುವುದೂ ಎಲ್ಲ ಮುಗಿದ ಮೇಲೆ. ಅದನ್ನೆಲ್ಲ ಕೂಡಿಸಿ ಹೊರಗೆ ಬಿಡುವ ಹೊತ್ತಿಗೆ ಮುಂದಿನ ಬೇಟೆ ಶುರುವಾಗಿರುತ್ತದೆ. ಹೊಡೆದ ಜಿಂಕೆಗಳು ಸಾವಿರಾರು ಹೆಕ್ಟೇರಿನ ಎಸ್ಟೇಟಿನ ಯಾವ ಮೂಲೆಯವು ಅನ್ನುವುದು ಆ ಲೆಕ್ಕದಲ್ಲಿ ಇರುವುದಿಲ್ಲ.

ಸರ್ಕಾರ ನೇಮಿಸಿದ ಜಿಂಕೆ ಕಾರ್ಯಪಡೆ 2020ರ ಜನವರಿಯಲ್ಲಿ ವರದಿ ಕೊಟ್ಟಿತು. ಅದರಲ್ಲಿ 99 ಶಿಫಾರಸುಗಳಿದ್ದವು. ಹೈಲ್ಯಾಂಡಿನ ಬಯಲು ಗುಡ್ಡಗಳಲ್ಲಿ ಚದರ ಕಿಲೋಮೀಟರಿಗೆ 10 ಕೆಂಪು ಜಿಂಕೆಗಿಂತ ಜಾಸ್ತಿ ಇರಬಾರದು ಅನ್ನುವುದು ಅದರಲ್ಲಿ ಒಂದು. ಜಿಂಕೆ ಸಂಖ್ಯೆ ಇಳಿಸುವಂತೆ ಮಾಲೀಕರನ್ನು ಕಡ್ಡಾಯಪಡಿಸುವ 8ನೇ ಸೆಕ್ಷನ್ ಕಾನೂನಿನಲ್ಲಿ ಇದ್ದರೂ ಆ ವರದಿ ಬರುವವರೆಗೆ ಒಂದು ಸಲವೂ ಅದನ್ನು ಬಳಸಿರಲಿಲ್ಲ. ಇದರ ಹಿಂದೆ ಅಂಜಿಕೆ ಇರಬಹುದು, ದಾಕ್ಷಿಣ್ಯವೂ ಇರಬಹುದು. ಆದರೆ ಅದಕ್ಕಿಂತ ದೊಡ್ಡದು ಲೆಕ್ಕದ ಕೊರತೆ ಅಂತ ನನ್ನ ಅಭಿಪ್ರಾಯ. ನಿಮ್ಮ ಗುಡ್ಡದಲ್ಲಿ ಜಿಂಕೆ ಜಾಸ್ತಿ ಆಗಿದೆ, ನೀವು ಹೊಡೆದದ್ದು ಸಾಲದು ಅಂತ ಒಬ್ಬ ಮಾಲೀಕನಿಗೆ ಹೇಳಬೇಕಾದರೆ ಕೈಯಲ್ಲಿ ಗಟ್ಟಿ ಅಂಕಿ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಈಗ ಬರುತ್ತೇನೆ. ಒಟ್ಟು ಎಷ್ಟು ಹೊಡೆದರು ಅನ್ನುವ ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಹೆಣ್ಣು ಎಷ್ಟು ಅನ್ನುವುದು ತಿಳಿಯಬೇಕು.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಪ್ರದೇಶದಲ್ಲಿ 1000 ಹೆಣ್ಣು ಜಿಂಕೆಗಳಿವೆ ಅಂದುಕೊಳ್ಳಿ. ಜೂನ್‌ನಲ್ಲಿ ಮರಿ ಹಾಕುತ್ತವೆ, ಒಂದಕ್ಕೆ ಒಂದೇ ಮರಿ. ಎಲ್ಲವೂ ಮರಿ ಹಾಕುವುದಿಲ್ಲ, ಹಾಕಿದ ಮರಿಗಳಲ್ಲೂ ಕೆಲವು ಚಳಿಗಾಲ ದಾಟುವುದಿಲ್ಲ. ಮುಂದಿನ ವಸಂತದ ಹೊತ್ತಿಗೆ 350 ಮರಿ ಉಳಿದವು ಅಂತ ಇಟ್ಟುಕೊಳ್ಳೋಣ. ಅರ್ಧ ಹೆಣ್ಣು, ಅಂದರೆ 175. ದೊಡ್ಡ ಹೆಣ್ಣುಗಳಲ್ಲಿ 25 ತಾವಾಗಿಯೇ ಸತ್ತವು. ಅಲ್ಲಿಗೆ ವರ್ಷಕ್ಕೆ 150 ಹೆಣ್ಣು ಹೆಚ್ಚಾದ ಹಾಗಾಯಿತು. ಈಗ ಆ ಪ್ರದೇಶದವರು ವರ್ಷಕ್ಕೆ 300 ಜಿಂಕೆ ಹೊಡೆದೆವು ಅಂತ ಹೇಳುತ್ತಾರೆ. ಅದರಲ್ಲಿ 200 ಗಂಡು, 100 ಹೆಣ್ಣು ಆದರೆ ಹೆಣ್ಣುಗಳ ಸಂಖ್ಯೆ 50 ಏರುತ್ತದೆ. ಹೆಣ್ಣುಗಳಲ್ಲಿ ಹತ್ತಕ್ಕೊಂದರಂತೆ ಹೀಗೇ ಹೊಡೆಯುತ್ತಾ ಹೋದರೆ 14-15 ವರ್ಷದಲ್ಲಿ ಹಿಂಡು ಎರಡರಷ್ಟಾಗುತ್ತದೆ. ಅದೇ 300ರಲ್ಲಿ 100 ಗಂಡು, 200 ಹೆಣ್ಣು ಆದರೆ ಹೆಣ್ಣುಗಳು 50 ಇಳಿಯುತ್ತವೆ. ಎರಡರಲ್ಲೂ ಒಟ್ಟು 300. ಒಂದರಲ್ಲಿ ಕಾಡು ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಪೇಪರಿನಲ್ಲಿ ಮಾತ್ರ ಎರಡೂ ಒಂದೇ ತರ ಕಾಣುತ್ತವೆ.

ವರ್ಷಕ್ಕೆ ಆರರಲ್ಲಿ ಒಂದು ಭಾಗ ಹೊಡೆದರೆ ಹಿಂಡು ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಲ್ಲುತ್ತದೆ ಅಂತ ಇಲ್ಲಿ ಹಿಂದಿನಿಂದ ಒಂದು ರೂಢಿಯ ಮಾತಿದೆ. ಮೇಲಿನ ಲೆಕ್ಕವೂ ಸರಿಸುಮಾರು ಅಲ್ಲಿಗೇ ಬರುತ್ತದೆ. ಆದರೆ ಇದನ್ನು ಎಲ್ಲ ಕಡೆಗೂ ಒಂದೇ ಸಮ ಹಚ್ಚಲಾಗುವುದಿಲ್ಲ. ಪೂರ್ವದ ಒಣ ಗುಡ್ಡಗಳಲ್ಲಿ, ಕಾಡಿನ ಆಸರೆ ಇರುವ ಕಡೆ ಮರಿಗಳು ಜಾಸ್ತಿ ಉಳಿಯುತ್ತವೆ. ಪಶ್ಚಿಮದ ಮಳೆಗೆ, ಗಾಳಿಗೆ ಜಾಸ್ತಿ ಸಾಯುತ್ತವೆ. ಅದಕ್ಕೇ ಪ್ರದೇಶವಾರು ಲೆಕ್ಕ ಬೇಕು ಅನ್ನುವುದು.

ಹೆಣ್ಣುಗಳನ್ನು ಕಡಿಮೆ ಹೊಡೆಯಲು ಕಾರಣವೂ ಇದೆ. ದೊಡ್ಡ ಕೊಂಬಿನ ಗಂಡನ್ನು ಹೊಡೆಯಲು ಹೊರಗಿನಿಂದ ಬರುವವರು ಒಳ್ಳೆಯ ಹಣ ಕೊಡುತ್ತಾರೆ. ವರ್ಷಕ್ಕೆ ಎಷ್ಟು ಗಂಡು ಹೊಡೆಯಬಹುದು ಅನ್ನುವುದರ ಮೇಲೆ ಎಸ್ಟೇಟಿನ ಬೆಲೆ ಕಟ್ಟುವ ಪದ್ಧತಿ ಇಲ್ಲಿ ಬಹಳ ಹಳೆಯದು. ಹೆಣ್ಣು ಜಾಸ್ತಿ ಇದ್ದರೆ ಗಂಡೂ ಜಾಸ್ತಿ ಹುಟ್ಟುತ್ತವೆ ಅನ್ನುವ ನಂಬಿಕೆಯೂ ಅದರ ಜೊತೆಗೇ ಬಂದಿದೆ. ರಮ್ ದ್ವೀಪದಲ್ಲಿ ನಡೆದ ಅಧ್ಯಯನ ಇದು ಸರಿಯಲ್ಲ ಅಂತ ತೋರಿಸಿದೆ. ಆ ದ್ವೀಪದ ಉತ್ತರ ಭಾಗದಲ್ಲಿ 1970ರ ದಶಕದ ಆರಂಭದಿಂದ ಒಂದೊಂದು ಜಿಂಕೆಯನ್ನೂ ಗುರುತು ಹಿಡಿದು, ಹುಟ್ಟಿನಿಂದ ಸಾವಿನವರೆಗೆ ಬರೆದಿಡುತ್ತಿದ್ದಾರೆ. ಅಲ್ಲಿ ಬೇಟೆ ನಿಲ್ಲಿಸಿದಾಗ ಹೆಣ್ಣುಗಳು ಹೆಚ್ಚಿದವು, ಗಂಡುಗಳು ಕಡಿಮೆಯಾದವು. ಮೇವು ಸಾಲದಾದಾಗ ಮೊದಲು ಸೋಲುವುದು ಗಂಡು ಮರಿಗಳು. ಬದುಕಿದ ಎಳೆಯ ಗಂಡುಗಳು ಬೇರೆ ಕಡೆ ಹೋಗಿಬಿಡುತ್ತವೆ. ಅಂದರೆ ಹೆಣ್ಣುಗಳನ್ನು ಅಳತೆಯಲ್ಲಿ ಇಟ್ಟರೆ ಗಂಡುಗಳ ಬೇಟೆಯನ್ನೇ ನಂಬಿದ ಎಸ್ಟೇಟಿಗೂ ನಷ್ಟವಿಲ್ಲ. ಇದು ಗೊತ್ತಾಗಿ ಎಷ್ಟೋ ವರ್ಷ ಆಯಿತು. ಹಳೆಯ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಹೆಣ್ಣು ಹೊಡೆಯುವ ಕೆಲಸ ಸುಲಭದ್ದಲ್ಲ ಅನ್ನುವುದನ್ನೂ ಹೇಳಬೇಕು. ಅದರ ಕಾಲ ಅಕ್ಟೋಬರ್ 21ರಿಂದ ಫೆಬ್ರವರಿ 15ರವರೆಗೆ. ತಾಯಿ ಸತ್ತು ಮರಿ ಅನಾಥ ಆಗಬಾರದು ಅಂತ ಬೇಸಿಗೆಯಲ್ಲಿ ಹೆಣ್ಣಿಗೆ ರಕ್ಷಣೆ ಇದೆ. ಆ ರಕ್ಷಣೆ ಇರಲೇಬೇಕು. ಹಾಗಾಗಿ ಸ್ಟಾಕರ್‌ಗಳಿಗೆ, ಅಂದರೆ ಎಸ್ಟೇಟಿನ ವೃತ್ತಿಪರ ಬೇಟೆಗಾರರಿಗೆ, ಉಳಿಯುವುದು ವರ್ಷದ ಅತಿ ಕೆಟ್ಟ ಹವಾಮಾನದ ನಾಲ್ಕು ತಿಂಗಳು. ಹಗಲು ಆರೇಳು ಗಂಟೆ. ಹಿಮ, ಮಳೆ, ಮಂಜು. ಹೊಡೆದದ್ದನ್ನು ಗುಡ್ಡದ ಮೇಲಿಂದ ಕೆಳಗೆ ತರಬೇಕು. ಒಂದೊಂದು ಎಸ್ಟೇಟಿನಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಈ ಪತ್ರವನ್ನು ಅವರ ಮೇಲಿನ ದೂರು ಅಂತ ಯಾರೂ ಓದಬೇಡಿ. ಆ ಗುಡ್ಡಗಳನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಇನ್ನೊಂದು ವಿಷಯ ಕೇಳಿ. ಲೆಕ್ಕ ಈಗಾಗಲೇ ಇದೆ. ಪ್ರಾಣಿಯನ್ನು ತಂದು ನೇತುಹಾಕಿ ಶುಚಿ ಮಾಡುವ ಜಾಗಕ್ಕೆ ಲಾರ್ಡರ್ ಅನ್ನುತ್ತಾರೆ. ಅಲ್ಲಿ ಒಂದು ಪುಸ್ತಕ ಇರುತ್ತದೆ. ಯಾವ ದಿನ, ಯಾವ ಗುಡ್ಡ, ಗಂಡೋ ಹೆಣ್ಣೋ, ತೂಕ ಎಷ್ಟು, ಕೆಚ್ಚಲಿನಲ್ಲಿ ಹಾಲಿತ್ತೋ, ಗಬ್ಬ ಇತ್ತೋ, ಅಂದಾಜು ವಯಸ್ಸು, ಇದೆಲ್ಲ ಒಳ್ಳೆಯ ಸ್ಟಾಕರ್ ಬರೆದೇ ಬರೆಯುತ್ತಾರೆ. ಕೆಳದವಡೆಯ ಹಲ್ಲು ನೋಡಿ ಮರಿಯೋ, ಎರಡನೇ ವರ್ಷದ್ದೋ, ದೊಡ್ಡದೋ ಅಂತ ಹೇಳಿಬಿಡುತ್ತಾರೆ. ಇನ್ನೂ ನಿಖರವಾಗಿ ಬೇಕಾದರೆ ಹಲ್ಲನ್ನು ಸೀಳಿ ಒಳಗಿನ ಪದರಗಳನ್ನು ಎಣಿಸಬಹುದು. ವರ್ಷವರ್ಷ ಮರಿಗಳ ತೂಕ ಇಳಿಯುತ್ತಿದ್ದರೆ ಆ ಗುಡ್ಡದಲ್ಲಿ ಮೇವಿಗಿಂತ ಬಾಯಿ ಜಾಸ್ತಿ ಅಂತ ಅರ್ಥ. ಗಬ್ಬದ ಹೆಣ್ಣುಗಳು ಕಡಿಮೆಯಾದರೂ ಅದೇ. ಹೆಲಿಕಾಪ್ಟರಿನಿಂದ ಎಣಿಸಿದರೂ ಸಿಗದ ಸುದ್ದಿ ಆ ಪುಸ್ತಕದಲ್ಲಿದೆ. ಅದು ಲಾರ್ಡರಿನ ಕಪಾಟಿನಲ್ಲೇ ಉಳಿಯುತ್ತದೆ. ನೇಚರ್‌ಸ್ಕಾಟ್‌ಗೆ ಹೋಗುವುದು ಗಂಡು, ಹೆಣ್ಣು, ಮರಿ ಅನ್ನುವ ಮೂರು ಸಂಖ್ಯೆ ಮಾತ್ರ.

ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟದವರು ಮಳೆ ಲೆಕ್ಕ ಬರೆಯುವುದನ್ನು ನೋಡಿದ್ದೀರಲ್ಲ. ಇವತ್ತು ಎಷ್ಟು ಇಂಚು, ಎಷ್ಟು ಸೆಂಟ್ ಅಂತ ತೋಟತೋಟದಲ್ಲೂ ಅಳೆಯುತ್ತಾರೆ. ಜಿಲ್ಲೆಯ ಸರಾಸರಿ ನಂಬಿ ಯಾರೂ ಗೊಬ್ಬರ ಹಾಕುವುದಿಲ್ಲ. ಎರಡು ಮೈಲಿ ಆಚೆಯ ತೋಟದ ಮಳೆಯೇ ಬೇರೆ. ಜಿಂಕೆಯ ವಿಷಯದಲ್ಲೂ ನನಗೆ ಬೇಕಾಗಿರುವುದು ಅಂಥ ಲೆಕ್ಕ. ಜಾಗಜಾಗದ್ದು, ದಿನದಿನದ್ದು, ಪಕ್ಕದವರ ಜೊತೆ ಹೋಲಿಸಿ ನೋಡುವಂಥದ್ದು.

ಪಕ್ಕದವರು ಅಂದೆ. ಯಾಕೆಂದರೆ ಜಿಂಕೆಗೆ ಎಸ್ಟೇಟಿನ ಗಡಿ ಗೊತ್ತಿಲ್ಲ. ಹೆಣ್ಣುಗಳು ಹುಟ್ಟಿದ ಜಾಗದ ಸುತ್ತಮುತ್ತಲೇ ಇರುತ್ತವೆ. ಗಂಡುಗಳು ಚಳಿಗಾಲ ಒಂದು ಕಣಿವೆಯಲ್ಲಿ ಕಳೆದು, ಸೆಪ್ಟೆಂಬರ್ ಕೊನೆಗೆ ಬೆದೆಯ ಕಾಲ ಬಂದಾಗ ಮೈಲಿಗಟ್ಟಲೆ ನಡೆದು ಬೇರೆಯವರ ನೆಲಕ್ಕೆ ಹೋಗುತ್ತವೆ. ಒಬ್ಬ ಮಾಲೀಕ ಕಾಡು ಬೆಳೆಸಬೇಕು ಅಂತ ಹೊಡೆಯುತ್ತಾನೆ. ಪಕ್ಕದವನು ಬೇಟೆಯ ಆದಾಯಕ್ಕೆ ಅಂತ ಉಳಿಸಿಕೊಳ್ಳುತ್ತಾನೆ. ನನ್ನ ಗಂಡುಗಳನ್ನೆಲ್ಲ ನೀನು ಹೊಡೆದೆ ಅಂತ ಜಗಳ. ಹೈಲ್ಯಾಂಡಿನ ತುಂಬ ಜಿಂಕೆ ನಿರ್ವಹಣಾ ಗುಂಪುಗಳು ಇರುವುದು ಇದನ್ನು ಬಗೆಹರಿಸಲಿಕ್ಕೇ. ಅಕ್ಕಪಕ್ಕದ ಎಸ್ಟೇಟುಗಳು ಸೇರಿ ಮಾಡಿಕೊಂಡ ಗುಂಪುಗಳು ಇವು. ಸೇರಲೇಬೇಕು ಅಂತ ಇಲ್ಲ, ಗುಂಪಿನ ಮಾತು ಕೇಳಲೇಬೇಕು ಅಂತಲೂ ಇಲ್ಲ. ಕೆಲವು ಗುಂಪುಗಳು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತವೆ, ಯೋಜನೆಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತವೆ. ಇವೇ ಗುಂಪುಗಳ ಮಟ್ಟದಲ್ಲಿ ಬೇಟೆಯ ಲೆಕ್ಕ ತಿಂಗಳು ತಿಂಗಳು ಹೊರಬಂದರೆ, ಜನವರಿಯಲ್ಲೇ ಗೊತ್ತಾಗುತ್ತದೆ, ಹೆಣ್ಣುಗಳ ಗುರಿ ಮುಟ್ಟಲು ಇನ್ನು ಎಷ್ಟು ಬಾಕಿ, ಯಾವ ಕಣಿವೆಯಲ್ಲಿ ಬಾಕಿ ಅಂತ. ಏಪ್ರಿಲ್ ಆದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ನಾರ್ವೆಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿ ವರ್ಷಕ್ಕೆ 40,000ಕ್ಕೂ ಹೆಚ್ಚು ಕೆಂಪು ಜಿಂಕೆ ಹೊಡೆಯುತ್ತಾರೆ. ಎಷ್ಟು ನೆಲಕ್ಕೆ ಎಷ್ಟು ಜಿಂಕೆ ಅಂತ ಸ್ಥಳೀಯ ಪುರಸಭೆ ತೀರ್ಮಾನಿಸುತ್ತದೆ. ಸಣ್ಣ ಸಣ್ಣ ಮಾಲೀಕರು ಸೇರಿ ಒಂದು ಬೇಟೆ ಪ್ರದೇಶ ಮಾಡಿಕೊಂಡು, ಮರಿ ಎಷ್ಟು, ಹೆಣ್ಣು ಎಷ್ಟು, ಗಂಡು ಎಷ್ಟು ಅಂತ ಕೆಲವು ವರ್ಷಗಳ ಯೋಜನೆಗೆ ಒಪ್ಪಿಗೆ ಪಡೆಯುತ್ತಾರೆ. ಹೊಡೆದದ್ದನ್ನು ವರದಿ ಮಾಡುತ್ತಾರೆ. ಇನ್ನೂ ಮುಖ್ಯವಾದದ್ದು, ಬೇಟೆಗೆ ಹೋದ ದಿನ ಹೊಡೆಯದೆ ಸುಮ್ಮನೆ ಕಂಡ ಜಿಂಕೆಗಳನ್ನೂ ಬರೆಯುತ್ತಾರೆ. ಎಷ್ಟು ಹೆಣ್ಣು ಕಂಡವು, ಅವುಗಳ ಜೊತೆ ಎಷ್ಟು ಮರಿ ಅಂತ. ಕೆಲವು ಪ್ರದೇಶಗಳಲ್ಲಿ ದವಡೆ, ತೂಕ ಎರಡನ್ನೂ ಸಂಶೋಧಕರಿಗೆ ಕಳಿಸುತ್ತಾರೆ. ಈ ಲೆಕ್ಕವೆಲ್ಲ ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ತಮ್ಮ ಊರಿನದ್ದನ್ನು ತೆಗೆದು ನೋಡಬಹುದು. ನಾರ್ವೆಯಲ್ಲೂ ಜಿಂಕೆಯಿಂದ ರೈತರಿಗೆ ತೊಂದರೆ ಇದೆ, ಜಗಳವೂ ಇದೆ. ಆದರೆ ಅವರು ಜಗಳ ಮಾಡುವುದು ಒಂದೇ ಅಂಕಿಗಳನ್ನು ಮುಂದಿಟ್ಟುಕೊಂಡು.

ಲೆಕ್ಕದ ಬೆಲೆ ಅಲ್ಲಿ ಒಂದು ಕಷ್ಟದ ಕಾಲದಲ್ಲೂ ತಿಳಿಯಿತು. ಜಿಂಕೆ ಜಾತಿಯ ಪ್ರಾಣಿಗಳ ಮಿದುಳನ್ನು ಹಾಳು ಮಾಡುವ ಸಿಡಬ್ಲ್ಯುಡಿ ಅನ್ನುವ ಕಾಯಿಲೆ 2016ರಲ್ಲಿ ನಾರ್ವೆಯ ಕಾಡು ಹಿಮಸಾರಂಗದಲ್ಲಿ ಕಾಣಿಸಿತು. ಯುರೋಪಿನಲ್ಲಿ ಅದೇ ಮೊದಲು. ಮರುವರ್ಷ ಒಂದು ಕೆಂಪು ಜಿಂಕೆಯಲ್ಲೂ ಪತ್ತೆಯಾಯಿತು. ಬೇಟೆಗಾರರು ಸಾವಿರಾರು ಪ್ರಾಣಿಗಳ ಮಾದರಿಗಳನ್ನು ಕೊಟ್ಟರು. ಯಾವುದು ಎಲ್ಲಿಯದ್ದು, ಎಷ್ಟು ವಯಸ್ಸಿನದು ಅಂತ ದಾಖಲೆ ಇದ್ದಿದ್ದರಿಂದ ಹುಡುಕುವುದಕ್ಕೆ ಒಂದು ದಾರಿ ಇತ್ತು. ಬ್ರಿಟನ್ನಿನಲ್ಲಿ ಈ ಕಾಯಿಲೆ ಕಂಡಿಲ್ಲ. ಬರದೇ ಇರಲಿ. ಬಂದರೆ ಮೊದಲ ದಿನವೇ ಇಂಥ ಲೆಕ್ಕ ಬೇಕಾಗುತ್ತದೆ. ಅವತ್ತು ಕೂತು ಹೊಸದಾಗಿ ಶುರು ಮಾಡಲು ಆಗುವುದಿಲ್ಲ.

ಇದನ್ನು ಈಗಲೇ ಕೇಳಬೇಕು ಅನ್ನಲು ಕಾರಣ ಇದೆ. 2023ರ ಅಕ್ಟೋಬರಿನಿಂದ ಗಂಡು ಜಿಂಕೆಗಳಿಗೆ ಬೇಟೆ ನಿಷೇಧದ ಕಾಲವೇ ಇಲ್ಲ, ವರ್ಷವಿಡೀ ಹೊಡೆಯಬಹುದು. ಜಾಸ್ತಿ ಹೊಡೆದವರಿಗೆ ಹಣ ಕೊಡುವ ಪ್ರಯೋಗವೂ ಕೆಲವು ಕಡೆ ಶುರುವಾಗಿದೆ. 2025ರಲ್ಲಿ ಸಂಸತ್ತಿಗೆ ಬಂದ ನೈಸರ್ಗಿಕ ಪರಿಸರ ಮಸೂದೆಯಲ್ಲಿ ಜಿಂಕೆಗಳಿಗೇ ಒಂದು ಪ್ರತ್ಯೇಕ ಭಾಗ ಇತ್ತು. ಇದೆಲ್ಲ ಒಳ್ಳೆಯ ಉದ್ದೇಶದಿಂದಲೇ ಬಂದದ್ದು. ನನ್ನ ಆತಂಕ ಇಷ್ಟೇ. ಇನ್ನೂ 50,000 ಅನ್ನುವ ಒಟ್ಟು ಸಂಖ್ಯೆಯೇ ಗುರಿಯಾದರೆ ಸುಲಭಕ್ಕೆ ಸಿಗುವುದನ್ನು ಹೊಡೆದು ಗುರಿ ಮುಟ್ಟಿಬಿಡುತ್ತಾರೆ. ರಸ್ತೆ ಹತ್ತಿರದವು, ಬೇಸಿಗೆಯಲ್ಲಿ ಸಿಗುವ ಗಂಡುಗಳು, ತಗ್ಗಿನ ಕಾಡುಗಳ ರೋ ಜಿಂಕೆಗಳು. ದೂರದ ಕಣಿವೆಗಳ ಹೆಣ್ಣು ಹಿಂಡುಗಳು ಹಾಗೇ ಉಳಿಯುತ್ತವೆ. ಹತ್ತು ವರ್ಷ ಆದಮೇಲೆ ಲಕ್ಷಾಂತರ ಪ್ರಾಣಿಗಳು ಸತ್ತಿರುತ್ತವೆ, ಸಸಿ ಮಾತ್ರ ಮೊಣಕಾಲೆತ್ತರದಲ್ಲೇ ಇರುತ್ತದೆ. ಆಗ ಆ ಸಾವುಗಳಿಗೆ ಏನರ್ಥ?

ಎಸ್ಟೇಟಿನ ಮಾಲೀಕರು ಎರಡು ಆಕ್ಷೇಪ ಎತ್ತುತ್ತಾರೆ. ನಿಖರ ಜಾಗ ಬಹಿರಂಗವಾದರೆ ಕಳ್ಳಬೇಟೆಯವರು ಬರುತ್ತಾರೆ, ಸಿಬ್ಬಂದಿಗೆ ಕಿರುಕುಳ ಆಗುತ್ತದೆ ಅನ್ನುವುದು ಒಂದು. ಆ ಭಯ ನ್ಯಾಯವಾದದ್ದು. ನಿಖರ ಜಾಗ ನೇಚರ್‌ಸ್ಕಾಟ್‌ನ ಒಳಗೇ ಇರಲಿ. ಹೊರಗೆ ಬರುವುದು ಗುಂಪಿನ, ಕಣಿವೆಯ ಮಟ್ಟದ ಲೆಕ್ಕ. ಇನ್ನೊಂದು, ಸ್ಟಾಕರ್‌ಗಳಿಗೆ ಕಾಗದದ ಕೆಲಸ ಜಾಸ್ತಿ ಆಗುತ್ತದೆ ಅನ್ನುವುದು. ಲಾರ್ಡರ್ ಪುಸ್ತಕ ಬರೆಯುವ ಹೊತ್ತಿಗೇ ಅದನ್ನು ಫೋನಿನಲ್ಲಿ ಬರೆದರೆ ಆಯಿತು. ಸಿಗ್ನಲ್ ಸಿಗದ ಕಣಿವೆಗಳಲ್ಲೂ ಕೆಲಸ ಮಾಡುವಂಥ ಆ್ಯಪ್ ಬೇಕು. ಅದರ ಖರ್ಚು ಸರ್ಕಾರದ್ದೇ ಆಗಬೇಕು. ಚಳಿಯಲ್ಲಿ ದುಡಿಯುವವರ ಮೇಲೆ ಅದನ್ನು ಹೊರಿಸಬಾರದು.

ಈಗ ನಿಮ್ಮಿಂದ ಏನಾಗಬೇಕು ಅಂತ ಹೇಳುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಪ್ರತಿಯೊಬ್ಬರಿಗೂ 8 ಜನ ಎಂಎಸ್‌ಪಿಗಳು, ಅಂದರೆ ಸ್ಕಾಟಿಷ್ ಸಂಸತ್ತಿನ ಸದಸ್ಯರು, ಇರುತ್ತಾರೆ. ಒಬ್ಬರು ನಿಮ್ಮ ಕ್ಷೇತ್ರದವರು, 7 ಜನ ನಿಮ್ಮ ಪ್ರಾಂತ್ಯದವರು. ಎಂಟೂ ಜನರಿಗೆ ಒಂದೇ ಇಮೇಲ್ ಬರೆಯಬಹುದು. ಗ್ಲಾಸ್ಗೋ, ಎಡಿನ್‌ಬರೋದಲ್ಲಿರುವವರೂ ಬರೆಯಿರಿ. ಸಂಸತ್ತಿನಲ್ಲಿ ಜಾಸ್ತಿ ಸೀಟು ಇರುವುದು ನಿಮ್ಮ ಕಡೆಯೇ, ಗುಡ್ಡದ ವಿಷಯ ಅಂತ ಅಲ್ಲಿನವರು ತಲೆ ಕೆಡಿಸಿಕೊಳ್ಳುವುದು ಕಡಿಮೆ. ಹೈಲ್ಯಾಂಡಿನಲ್ಲಿ, ಪರ್ತ್‌ಶೈರ್‌ನಲ್ಲಿ, ಅಬರ್ಡೀನ್ ಕಡೆ ಇರುವವರು ನಿಮ್ಮ ಹತ್ತಿರದ ಜಿಂಕೆ ನಿರ್ವಹಣಾ ಗುಂಪಿನ ಯೋಜನೆ ತೆಗೆದು ಓದಿ. ಅದರಲ್ಲಿ ಹೆಣ್ಣುಗಳ ಗುರಿ ಎಷ್ಟು, ಕಳೆದ ವರ್ಷ ಹೊಡೆದದ್ದು ಎಷ್ಟು ಅಂತ ಹುಡುಕಿ. ಸಿಗದಿದ್ದರೆ ಗುಂಪಿನ ಕಾರ್ಯದರ್ಶಿಯನ್ನು ವಿನಯವಾಗಿ ಕೇಳಿ. ಸಾರ್ವಜನಿಕ ಸಭೆ ಕರೆದರೆ ಹೋಗಿ ಕೂತುಕೊಳ್ಳಿ. ನಮ್ಮಂಥವರು ಅಲ್ಲಿಗೆ ಹೋಗುವುದು ಅಪರೂಪ. ಹೋದರೆ ಯಾರೂ ಬೇಡ ಅನ್ನುವುದಿಲ್ಲ.

ಏನು ಬರೆಯಬೇಕು ಅಂತ ಗೊತ್ತಾಗದಿದ್ದರೆ ಈ ಪ್ರಶ್ನೆಗಳನ್ನು ಇಂಗ್ಲಿಷಿಗೆ ಹಾಕಿಕೊಂಡು ಕಳಿಸಿ. ನೋಟಿಸ್ ಬಂದವರು ಮಾತ್ರವಲ್ಲದೆ, ಜಿಂಕೆ ಹೊಡೆಯುವ ಪ್ರತಿಯೊಬ್ಬ ಮಾಲೀಕರೂ ಪ್ರತಿ ವರ್ಷ ಲೆಕ್ಕ ಕೊಡುವುದು ಯಾವಾಗ ಕಡ್ಡಾಯ ಆಗುತ್ತದೆ? ಗಂಡು, ಹೆಣ್ಣು, ಮರಿ, ವಯಸ್ಸು, ತೂಕ, ಜಾಗ ಎಲ್ಲವೂ ಅದರಲ್ಲಿ ಇರುತ್ತವೆಯೇ? ಹೆಣ್ಣುಗಳ ಬೇಟೆ ನಡೆಯುತ್ತಿರುವಾಗಲೇ, ಅಂದರೆ ಫೆಬ್ರವರಿ 15ಕ್ಕೆ ಮುಂಚೆ, ಪ್ರದೇಶವಾರು ಲೆಕ್ಕ ಪ್ರಕಟ ಮಾಡುತ್ತೀರಾ? ಹೆಚ್ಚುವರಿ 50,000ದಲ್ಲಿ ಹೆಣ್ಣು ಕೆಂಪು ಜಿಂಕೆಗಳ ಪಾಲು ಎಷ್ಟು, ಯಾವ ಯಾವ ಪ್ರದೇಶದಲ್ಲಿ?

ಉತ್ತರ ಬಂದರೆ ಈ ಪತ್ರದ ಕೆಳಗೆ ಹಾಕಿ. ಎಲ್ಲರದ್ದೂ ಒಂದು ಕಡೆ ಸೇರಲಿ. ಯಾವ ಪ್ರಾಂತ್ಯದಿಂದ ಉತ್ತರ ಬರಲಿಲ್ಲ ಅನ್ನುವುದೂ ತಿಳಿಯಲಿ, ಅಲ್ಲಿಗೆ ಮತ್ತೆ ಬರೆಯೋಣ.

ನಿಮ್ಮವನು,
ಇನ್‌ವರ್ನೆಸ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ